ಓಡಬಾರದ ಆಟದಲ್ಲಿ ಚಂದ್ರಕಲಾ

ಹಳ್ಳಿಮೈಸೂರಿನ ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಸೇರಿದ ದಿನ ನನ್ನ ಕೈಗೆ ಬಂದದ್ದು ಚೆಂಡಲ್ಲ, ಗಂಟೆ ಹೊಡೆಯುವ ಕಬ್ಬಿಣದ ಸರಳು. ಜವಾನ ರಜೆ ಹಾಕಿದ್ದ. ಹೆಡ್‌ಮಾಸ್ಟರ್ ನಂಜುಂಡಯ್ಯನವರು, ಹೇಗೂ ನೀವು ಹೊರಗೇ ನಿಂತಿರ್ತೀರಲ್ಲಮ್ಮ ಎಂದು ಅದನ್ನು ನನಗೆ ಒಪ್ಪಿಸಿ ಗಣಿತದ ಪಾಠಕ್ಕೆ ನಡೆದುಬಿಟ್ಟರು. ಜವಾನ ವಾಪಸು ಬಂದ ಮೇಲೂ ಗಂಟೆ ನನ್ನ ಹತ್ತಿರವೇ ಉಳಿಯಿತು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವುದು, ಆಗಸ್ಟ್ ಹದಿನೈದಕ್ಕೆ ಡ್ರಿಲ್ ಮಾಡಿಸುವುದು, ಯಾರಾದರೂ ಮೇಷ್ಟ್ರು ಬಾರದಿದ್ದರೆ ಆ ತರಗತಿಯಲ್ಲಿ ಗಲಾಟೆ ಆಗದಂತೆ ನೋಡಿಕೊಳ್ಳುವುದು. ಇವೆಲ್ಲ ಮುಗಿದು ಹೊತ್ತು ಮಿಕ್ಕರೆ ಆಟ.

ಈಗ ನಿವೃತ್ತಳಾಗಿ ಹಾಸನದಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ನನ್ನ ಕೈಯಲ್ಲಿ ಪಳಗಿದ ಚಂದ್ರಕಲಾ ದೇಶದ ಪರವಾಗಿ ನಡಿಗೆ ಸ್ಪರ್ಧೆಗೆ ಹೋಗಿಬಂದವಳು ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ಅಂಥವರನ್ನು ಗುರುತಿಸುವುದು ಹೇಗೆ ಮೇಡಂ ಎಂದು ಕೇಳುತ್ತಾರೆ. ನಾನು ಗುರುತಿಸಲಿಲ್ಲ ಎಂದರೆ ನಂಬುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಂಜುಂಡಯ್ಯನವರ ಕಾಲದಲ್ಲಿ ಚಳಿಗಾಲ ಬಂತೆಂದರೆ ಹತ್ತನೇ ತರಗತಿಯ ಆಟದ ಪೀರಿಯಡ್ಡೆಲ್ಲ ಗಣಿತಕ್ಕೆ ಹೋಗುತ್ತಿತ್ತು. ನಾನು ಹೋಗಿ ಕೇಳಿದರೆ ಅವರು ಬೈಯುತ್ತಿರಲಿಲ್ಲ. ಕೂರಿಸಿ, ಟೀ ತರಿಸಿ, ಬರುವ ವಾರ ಖಂಡಿತ ಬಿಟ್ಟುಕೊಡುತ್ತೇನೆ ಅನ್ನುತ್ತಿದ್ದರು. ಆ ವಾರ ಬರುತ್ತಲೇ ಇರಲಿಲ್ಲ. ಆದರೆ ನಮ್ಮ ಹುಡುಗಿಯರು ಹೊಳೆನರಸೀಪುರದ ತಾಲ್ಲೂಕು ಕೂಟದಲ್ಲಿ ಥ್ರೋಬಾಲ್ ಗೆದ್ದು ಬಂದ ದಿನ ಇಡೀ ಶಾಲೆಗೆ ಕಡ್ಲೆಪುರಿ ಹಂಚಿದವರೂ ಅವರೇ. ಮೇಲಿನವರನ್ನು ಬಗ್ಗಿಸಲು ವಾದಕ್ಕಿಂತ ಒಂದು ಗೆಲುವು ಸುಲಭ ಎಂದು ಅವತ್ತು ಗೊತ್ತಾಯಿತು.

ಅದೇ ಕೂಟದಲ್ಲಿ ನನ್ನ ಮರ್ಯಾದೆಯೂ ಹೋಯಿತು. ರಿಲೇ ಓಟಕ್ಕೆ ಸಮಯ ನೋಡುವ ಕೆಲಸ ನನಗೆ ಕೊಟ್ಟಿದ್ದರು. ಕೊನೆಯ ಓಟಗಾರ್ತಿ ನಮ್ಮ ಶಾಲೆಯವಳು, ಎರಡನೆಯವಳಾಗಿ ಬರುತ್ತಿದ್ದಳು. ನಾನು ಕುಣಿದು ಕೂಗಿ ಅವಳನ್ನು ಗೆರೆ ದಾಟಿಸಿ, ಬೆನ್ನು ತಟ್ಟಿ, ನೀರು ಕುಡಿಸಿ ವಾಪಸು ಬಂದಾಗ ವಾಚು ಇನ್ನೂ ಓಡುತ್ತಲೇ ಇತ್ತು. ತಾಲ್ಲೂಕಿನ ಹಿರಿಯ ಅಧಿಕಾರಿಗಳು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನೀವು ನೋಡೋಕೆ ಬಂದವರಾ ಅಳೆಯೋಕೆ ಬಂದವರಾ ಎಂದು ಕೇಳಿದರು. ಸುತ್ತಲಿದ್ದ ಮೇಷ್ಟ್ರುಗಳೆಲ್ಲ ನಕ್ಕರು. ಮಾರನೆಯ ವರ್ಷ ನನಗೆ ಕೊಟ್ಟ ಕೆಲಸ ಊಟದ ಪಂಕ್ತಿ ನೋಡಿಕೊಳ್ಳುವುದು.

ಅಲ್ಲಿಂದ ಅರಕಲಗೂಡಿಗೆ ವರ್ಗವಾಯಿತು. ಅಲ್ಲಿ ಖೋಖೋ ಹುಚ್ಚು. ಅಲ್ಲಿದ್ದಷ್ಟು ಕಾಲವೂ ಕಂಬ ನೆಡಿಸುವುದು, ಅಂಕಣದ ಕಲ್ಲು ಆರಿಸುವುದು, ತಂಡ ಕಟ್ಟಿಕೊಂಡು ಬಸ್ಸು ಹತ್ತುವುದು ಇಷ್ಟೇ ಆಯಿತು. ಕಂಡಕ್ಟರುಗಳಿಗೆಲ್ಲ ನಮ್ಮ ಗುರುತಿತ್ತು. ಕಪ್ ಕೈಯಲ್ಲಿದ್ದರೆ ಎಲ್ಲಿ ಗೆದ್ದಿರಿ ಎಂದು ಕೇಳುತ್ತಿದ್ದರು, ಬರಿಗೈಯಲ್ಲಿದ್ದರೆ ಸುಮ್ಮನೆ ಚೀಟಿ ಹರಿದು ಕೊಟ್ಟು ಮುಂದೆ ಹೋಗುತ್ತಿದ್ದರು. ಆ ಸಣ್ಣ ಸೂಕ್ಷ್ಮತೆ ನನಗೆ ಈಗಲೂ ನೆನಪಿದೆ. ಚುರುಕಾದ ಹುಡುಗಿಯರನ್ನು ಹುಡುಕಿ ಹುಡುಕಿ ತಂಡಕ್ಕೆ ಹಾಕಿಕೊಳ್ಳುತ್ತಿದ್ದೆ. ಚುರುಕಿಲ್ಲದವರ ಕಡೆ ಕಣ್ಣು ಹೋಗುತ್ತಿರಲಿಲ್ಲ. ಯಾವ ದೈಹಿಕ ಶಿಕ್ಷಕರ ಕಣ್ಣೂ ಹೋಗುವುದಿಲ್ಲ.

ಆಮೇಲೆ ಬಂದದ್ದು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಗೆ.

ಚಂದ್ರಕಲಾ ಅಲ್ಲಿ ಎಂಟನೇ ತರಗತಿಯಲ್ಲಿದ್ದಳು. ಉದ್ದನೆಯ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಯಾವ ಆಟವೂ ಬರುತ್ತಿರಲಿಲ್ಲ. ಓಟಕ್ಕೆ ಬಿಟ್ಟರೆ ಕೊನೆಯವಳು. ಚೆಂಡು ಎಸೆದರೆ ಕಣ್ಣು ಮುಚ್ಚಿಕೊಳ್ಳುವಳು. ಒಂದು ದಿನ ನನಗೆ ಬಸ್ಸು ತಪ್ಪಿ, ಯಾರದೋ ಗಾಡಿಯಲ್ಲಿ ಅರ್ಧ ದಾರಿ ಬಂದು, ಉಳಿದ ದಾರಿ ನಡೆಯುತ್ತಿದ್ದೆ. ಹಿಂದಿನಿಂದ ಹಾಲಿನ ಕ್ಯಾನು ಹಿಡಿದುಕೊಂಡು ಬಂದವಳು ನಮಸ್ತೆ ಮಿಸ್ ಎಂದು ನನ್ನನ್ನು ದಾಟಿ ಹೋದಳು. ನೋಡನೋಡುತ್ತ ತಿರುವಿನಲ್ಲಿ ಮರೆಯಾದಳು. ನಾನು ಶಾಲೆ ಮುಟ್ಟುವ ಹೊತ್ತಿಗೆ ಡೈರಿಗೆ ಹಾಲು ಹಾಕಿ, ಕೈಕಾಲು ತೊಳೆದು, ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದಳು. ಓಡಿಬಂದೆಯಾ ಎಂದು ಕೇಳಿದೆ. ಇಲ್ಲ ಮಿಸ್, ಓಡಿದರೆ ಹಾಲು ಚೆಲ್ಲೋಗ್ತದಲ್ಲ ಅಂದಳು.

ಇದನ್ನು ಕೇಳಿ ನನಗೇನೋ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಏನೂ ಹೊಳೆಯಲಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕು ಕೂಟದಲ್ಲಿ ಹುಡುಗಿಯರ ನಡಿಗೆ ಸ್ಪರ್ಧೆಗೆ ಜನವೇ ಸಿಗದೆ, ನಿಮ್ಮ ಶಾಲೆಯಿಂದ ಯಾರನ್ನಾದರೂ ನಿಲ್ಲಿಸಿ ಮೇಡಂ ಎಂದು ಕೇಳಿಕೊಂಡರು. ಚಪ್ಪಾಳೆ ತಟ್ಟಲು ಬಂದಿದ್ದ ಗುಂಪಿನಲ್ಲಿ ಚಂದ್ರಕಲಾ ಕಂಡಳು. ಓಡಬೇಡ, ನಡಿ ಎಂದಷ್ಟೇ ಹೇಳಿ ಕಳಿಸಿದೆ. ಉಳಿದ ಹುಡುಗಿಯರು ಅರ್ಧಕ್ಕೇ ಓಡಲು ಶುರುಮಾಡಿದರು, ಒಬ್ಬೊಬ್ಬರನ್ನೇ ಹೊರಗೆ ಕರೆದರು. ಕೊನೆಗೆ ಮೈದಾನದಲ್ಲಿ ಉಳಿದವಳು ಇವಳೊಬ್ಬಳೇ. ಒಂಟಿಯಾಗಿ ನಡೆದು ಬಂದು ಮೊದಲ ಸ್ಥಾನ ಗಳಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಹಾಸನದ ಜಿಲ್ಲಾ ಕೂಟದಲ್ಲಿ ಅವಳನ್ನೇ ಹೊರಗೆ ಹಾಕಿದರು. ಯಾಕೆ ಎಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಬಿಳಿ ಟೋಪಿಯ ತೀರ್ಪುಗಾರರೊಬ್ಬರು ತಾವಾಗಿ ನಮ್ಮ ಹತ್ತಿರ ಬಂದರು. ಫ್ರಾನ್ಸಿಸ್ ಸರ್. ಹಾಸನದಲ್ಲೇ ಬ್ಯಾಂಕ್ ಅಧಿಕಾರಿ, ರಾಜ್ಯಮಟ್ಟದಲ್ಲಿ ನಡಿಗೆಯ ತೀರ್ಪುಗಾರರು. ನಡಿಗೆಯಲ್ಲಿ ಎರಡೇ ಕಟ್ಟಳೆ ಎಂದು ಹೇಳಿದರು. ಯಾವ ಗಳಿಗೆಯಲ್ಲೂ ಒಂದು ಪಾದ ನೆಲದ ಮೇಲಿರಬೇಕು, ಎರಡೂ ನೆಲ ಬಿಟ್ಟರೆ ಅದು ಓಟ. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈ ಅದರ ಮೇಲೆ ಬರುವವರೆಗೆ ಮಂಡಿ ಬಾಗಬಾರದು. ತಪ್ಪುವ ಹಾಗೆ ಕಂಡರೆ ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ತಪ್ಪಿದರೆ ಕೆಂಪು ಕಾರ್ಡು ಬರೆಯುತ್ತಾರೆ. ಮೂವರು ತೀರ್ಪುಗಾರರು ಬರೆದರೆ ಆಚೆಗೆ. ನಿಮ್ಮ ಹುಡುಗಿಯ ಮಂಡಿ ಬಾಗುತ್ತಿದೆ, ಆದರೆ ಉಸಿರು ನೋಡಿ, ಮಾರುಕಟ್ಟೆಗೆ ಹೋಗಿಬಂದವಳ ಹಾಗಿದ್ದಾಳೆ ಅಂದರು. ನಮಗೆ ಕಲಿಸುತ್ತೀರಾ ಎಂದು ಕೇಳಿದೆ. ಭಾನುವಾರ ಬನ್ನಿ ಅಂದರು.

ಭಾನುವಾರಗಳಲ್ಲಿ ನಾವಿಬ್ಬರೂ ಹಾಸನದ ಬಸ್ಸು ಹತ್ತತೊಡಗಿದೆವು. ಅಲ್ಲಿಯ ಕ್ರೀಡಾಂಗಣದಲ್ಲಿ ಫ್ರಾನ್ಸಿಸ್ ಸರ್ ಸುಣ್ಣದಿಂದ ಒಂದು ಉದ್ದ ಗೆರೆ ಎಳೆದು, ಅದರ ಮೇಲೆ ಪಾದ ಇಟ್ಟು ನಡೆಯಲು ಕಲಿಸಿದರು. ಮೊದಲ ದಿನವೇ ನನ್ನ ಕಡೆ ತಿರುಗಿ, ಮೇಡಂ ನೀವೂ ನಡೀರಿ, ನಿಮ್ಮ ಮೈಗೆ ಗೊತ್ತಿಲ್ಲದ್ದನ್ನ ಅವಳಿಗೆ ಹೇಗೆ ಹೇಳ್ತೀರಿ ಅಂದರು. ಸೀರೆ ಎತ್ತಿ ಕಟ್ಟಿ ಕ್ಯಾನ್‌ವಾಸ್ ಶೂ ಹಾಕಿಕೊಂಡು ನಾನೂ ಆ ಗೆರೆಯ ಮೇಲೆ ನಡೆದೆ. ಕ್ರೀಡಾ ಹಾಸ್ಟೆಲಿನ ಹುಡುಗರು ಗ್ಯಾಲರಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಹತ್ತಿದ ಉರಿ ಎಂಥದೆಂದರೆ ಮೆಟ್ಟಿಲಿಳಿಯಲು ಆಗಲಿಲ್ಲ. ಚಂದ್ರಕಲಾ ಕಾಲು ಉರಿಯುತ್ತದೆ ಎಂದಾಗ ಮುಂದೆಂದೂ ನಾನು ಅದನ್ನು ನೆಪ ಎಂದುಕೊಳ್ಳಲಿಲ್ಲ.

ಮಂಡಿ ಬಗ್ಗಿಸದೆ ಜೋರಾಗಿ ನಡೆದರೆ ಸೊಂಟ ತಾನಾಗಿ ಆಡುತ್ತದೆ. ಅದೇ ತೊಂದರೆಯಾಯಿತು. ಅವಳು ಊರಿನ ರಸ್ತೆಯಲ್ಲಿ ಅಭ್ಯಾಸ ಶುರುಮಾಡಿದಾಗ ಬಸ್ಸಿನವರು ತಲೆ ಹೊರಹಾಕಿ ನೋಡಿದರು, ಮಕ್ಕಳು ಹಿಂದೆ ಅಣಕಿಸುತ್ತ ಬಂದರು. ಒಂದು ಮಧ್ಯಾಹ್ನ ಅವಳ ಅಪ್ಪ ಪುಟ್ಟಸ್ವಾಮಿ ಶಾಲೆಗೆ ಬಂದ. ತೆಂಗು, ರಾಗಿ, ಎರಡು ಸೀಮೆಹಸು ಇರುವ ಗಟ್ಟಿ ಕುಳ, ಮಾತು ಕಡಿಮೆ. ಬಾಗಿಲಲ್ಲೇ ನಿಂತು ಹೇಳಿದ.

"ಮೇಡಮ್ನೋರೆ, ಓಡ್ಲಿ, ನೆಗೀಲಿ, ಬ್ಯಾಡ ಅನ್ನಾಕಿಲ್ಲ. ಇದೇನ್ರಿ ಇದು, ಸೊಂಟ ಆ ಕಡೀಕೆ ಈ ಕಡೀಕೆ ಆಡಿಸ್ಕಂಡು? ಊರೋರು ನನ್ನ ಮಕ ನೋಡ್ಕಂಡು ನಗ್ತಾವ್ರೆ."

ಏನು ಹೇಳಿದರೂ ಒಪ್ಪುವ ಮುಖವಲ್ಲ. ನಾನು ಅವನನ್ನು ಶಾಲೆಯ ಹಿಂಬದಿಗೆ ಕರೆದುಕೊಂಡು ಹೋದೆ. ಆ ಮರದಿಂದ ಈ ಗೋಡೆಯವರೆಗೆ ಮಂಡಿ ಬಗ್ಗಿಸದೆ, ಓಡದೆ, ಎಷ್ಟು ಬಿರುಸಾಗಿ ಆಗುತ್ತದೋ ಅಷ್ಟು ಬಿರುಸಾಗಿ ನಡೆದು ತೋರಿಸಿ ಎಂದೆ. ಅವನು ಆಚೀಚೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಂಚೆ ಎತ್ತಿ ಕಟ್ಟಿ ನಡೆದ. ಅರ್ಧ ದಾರಿಗೇ ಅವನ ಸೊಂಟ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಗಕ್ಕನೆ ನಿಂತ. ತನ್ನ ಸೊಂಟವನ್ನು ತಾನೇ ಮೊದಲ ಸಲ ನೋಡುವವನ ಹಾಗೆ ಬಗ್ಗಿ ನೋಡಿಕೊಂಡ. "ಓ, ಅಂಗಾ" ಎಂದಷ್ಟೇ ಹೇಳಿ ಪಂಚೆ ಇಳಿಸಿ ಹೊರಟುಹೋದ.

ಆ ವಾರದಿಂದ ಬೆಳಗಿನ ಅಭ್ಯಾಸಕ್ಕೆ ಅವನೂ ಮೊಪೆಡ್ಡಿನಲ್ಲಿ ಬರತೊಡಗಿದ. ಮೊದಮೊದಲು ನಾಚಿಕೆಗೆ ತುಂಬಾ ಹಿಂದೆ, ತನಗೂ ಆ ಹುಡುಗಿಗೂ ಸಂಬಂಧವಿಲ್ಲದವನ ಹಾಗೆ ಬರುತ್ತಿದ್ದ. ಒಂದು ದಿನ ಬೈಕಿನಲ್ಲಿ ಎದುರು ಬಂದ ಇಬ್ಬರು ಅವಳನ್ನು ನೋಡಿ ಏನೋ ಅಂದು ನಕ್ಕರಂತೆ. ಪುಟ್ಟಸ್ವಾಮಿ ಮೊಪೆಡ್ಡು ಅಡ್ಡ ನಿಲ್ಲಿಸಿ, ಇಳಿದು, ನೀವೂ ಹಂಗೇ ನಡೆದು ತೋರಿಸದ ಹೊರತು ಬಿಡುವುದಿಲ್ಲ ಎಂದು ಇಬ್ಬರನ್ನೂ ರಸ್ತೆಯಲ್ಲಿ ನಡೆಸಿದನಂತೆ. ಅವತ್ತಿನಿಂದ ಮೊಪೆಡ್ಡು ಅವಳ ಪಕ್ಕದಲ್ಲೇ ಹೋಯಿತು. ಹ್ಯಾಂಡಲಿಗೆ ನೀರಿನ ಬಾಟಲಿ ತೂಗುಹಾಕಿರುತ್ತಿತ್ತು.

ಪಿಯುಸಿಗೆ ಚನ್ನರಾಯಪಟ್ಟಣಕ್ಕೆ ಸೇರಿದ ಮೇಲೂ ಅಭ್ಯಾಸ ನಿಲ್ಲಲಿಲ್ಲ. ರಜೆಯಲ್ಲಿ ಶ್ರವಣಬೆಳಗೊಳದ ರಸ್ತೆಯವರೆಗೂ ಹೋಗಿಬರುತ್ತಿದ್ದಳು. ಬೆಟ್ಟಕ್ಕೆ ಹೊರಟ ಯಾತ್ರಿಕರು ಇದು ಯಾವ ಹರಕೆ ತಾಯಿ ಎಂದು ಕೇಳುತ್ತಿದ್ದರಂತೆ.

ರಾಜ್ಯ ಕೂಟ ಬೆಂಗಳೂರಿನಲ್ಲಿ. ಅವಳು ಮೊದಲ ಸುತ್ತಿನಿಂದಲೇ ಮುಂದಿದ್ದಳು. ಪುಟ್ಟಸ್ವಾಮಿಯೂ ನಾನೂ ಕಟಕಟೆ ಹಿಡಿದು ನಿಂತಿದ್ದೆವು. ಅಂತರ ಹೆಚ್ಚುತ್ತಾ ಹೋಯಿತು. ಕೊನೆಯ ಸುತ್ತಿನಲ್ಲಿ, ಇನ್ನೇನು ಗೆರೆ ಕಾಣುತ್ತಿದೆ ಎನ್ನುವಾಗ, ಮುಖ್ಯ ತೀರ್ಪುಗಾರರು ಕೆಂಪು ಫಲಕ ಹಿಡಿದು ಅವಳ ಮುಂದೆ ಬಂದರು. ಅವಳಿಗೆ ಅರ್ಥವೇ ಆಗಲಿಲ್ಲ, ಇನ್ನೂ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಪಕ್ಕಕ್ಕೆ ಸರಿದು ಹುಲ್ಲಿನ ಮೇಲೆ ಕೂತಳು. ಹಿಂದಿದ್ದವರು ಅವಳನ್ನು ದಾಟಿ ಹೋಗಿ ಮೊದಲ, ಎರಡನೆಯ, ಮೂರನೆಯ ಸ್ಥಾನ ಹಂಚಿಕೊಂಡರು.

ಮೂರನೆಯ ಕಾರ್ಡು ಬರೆದವರು ಫ್ರಾನ್ಸಿಸ್ ಸರ್ ಎಂದು ಆಮೇಲೆ ತಿಳಿಯಿತು.

ನನಗೆ ಅವರ ಮುಖ ನೋಡುವ ಮನಸ್ಸಾಗಲಿಲ್ಲ. ಪುಟ್ಟಸ್ವಾಮಿ ನೇರವಾಗಿ ಹೋಗಿ ಎದುರು ನಿಂತ. "ಸಾ, ನೀವೇ ಕಲಿಸಿ ನೀವೇ ಆಚೀಕೆ ಹಾಕುದ್ರಲ್ಲ" ಅಂದ. ಅವನ ದನಿ ಏರಿರಲಿಲ್ಲ, ಅದಕ್ಕೇ ಕೇಳಲು ಇನ್ನೂ ಕಷ್ಟವಾಯಿತು. ಫ್ರಾನ್ಸಿಸ್ ಸರ್ ಟೋಪಿ ತೆಗೆದರು. "ಕಾಲು ನೆಲ ಬಿಟ್ಟಿತ್ತು ಪುಟ್ಟಸ್ವಾಮಿ. ನಾನು ಕಣ್ಣು ಮುಚ್ಚಿಕೊಂಡಿದ್ರೆ ನಾಳೆ ಇದಕ್ಕಿಂತ ದೊಡ್ಡ ಊರಲ್ಲಿ ಗುರುತಿಲ್ಲದವರು ಯಾರೋ ತೆಗೀತಿದ್ರು" ಅಂದರು. ಪುಟ್ಟಸ್ವಾಮಿ ಮಗಳ ಚೀಲ ಎತ್ತಿಕೊಂಡು ಹೊರಟ. ಚನ್ನರಾಯಪಟ್ಟಣದವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಚಂದ್ರಕಲಾ ಅಭ್ಯಾಸ ಬಿಟ್ಟಳು. ನಾನು ಮನೆಗೆ ಹೋದಾಗಲೆಲ್ಲ ಚೆನ್ನಾಗಿಯೇ ಮಾತಾಡುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಆ ವಿಷಯ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಸಲ ಮಾತ್ರ ಹೇಳಿದಳು: ಓಡೋರು ಬಿದ್ದರೆ ಎದ್ದು ಓಡಬೌದು ಮಿಸ್, ನಮ್ಮದರಲ್ಲಿ ಎಲ್ಲರಿಗಿಂತ ಮುಂದಿದ್ದರೂ ನೀನು ಬಂದೇ ಇರಲಿಲ್ಲ ಅಂದುಬಿಡ್ತಾರೆ.

ಕೆಲವು ತಿಂಗಳು ಹೀಗೇ ಕಳೆದವು. ಅವರೆಕಾಯಿಯ ಕಾಲದಲ್ಲಿ ಒಂದು ಭಾನುವಾರ ಫ್ರಾನ್ಸಿಸ್ ಸರ್ ಫೋನ್ ಮಾಡಿ, ದಂಡಿಗನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ, ಅವರ ಮನೆ ಎಲ್ಲಿ ಎಂದು ಕೇಳಿದರು. ನಾನು ಹೋಗಿ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವರಿಗೆ ಮಂಡಿನೋವು ಬಂದಿತ್ತು, ಕೈಯಲ್ಲಿ ಕೋಲಿತ್ತು. ಪುಟ್ಟಸ್ವಾಮಿ ಬಾಗಿಲಲ್ಲಿ ಅವರನ್ನು ನೋಡಿ ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡ. ಆಮೇಲೆ, ಬನ್ನಿ ಸಾ, ಉಂಡ್ಕಂಡೋಗಿ ಅಂದ. ಮುದ್ದೆ, ಅವರೆಕಾಳಿನ ಸಾರು. ಊಟದುದ್ದಕ್ಕೂ ಮಾತೆಲ್ಲ ತೆಂಗಿನ ನುಸಿಯ ಬಗ್ಗೆ. ಹೊರಡುವಾಗ ಫ್ರಾನ್ಸಿಸ್ ಸರ್ ಚಂದ್ರಕಲಾಳನ್ನು, ಬಸ್ಸಿನ ತನಕ ಜೊತೆಗೆ ಬರ್ತೀಯಾ ಎಂದು ಕೇಳಿದರು.

ನಾವು ಮೂವರು ನಡೆದೆವು. ಅವಳು ಅವರ ಕೋಲಿನ ನಿಧಾನಕ್ಕೆ ತನ್ನ ಹೆಜ್ಜೆ ಕಡಿಮೆ ಮಾಡಿಕೊಂಡಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವರು ನಿಂತರು.

"ನನ್ನ ತಿರುವಿಗೆ ನೀನು ಬಂದಾಗಲೆಲ್ಲ ನಿನ್ನ ಕಾಲನ್ನೇ ನೋಡ್ದೆ ಕಣಮ್ಮ. ಕೊನೇ ಸುತ್ತು ಬಿಟ್ಟು ಉಳಿದದ್ದೆಲ್ಲ ಎಷ್ಟು ಚೆನ್ನಾಗಿತ್ತು ಅಂದ್ರೆ, ಇಷ್ಟು ವರ್ಷದಲ್ಲಿ ಅಂಥ ನಡಿಗೆ ನಾನು ನೋಡಿರಲಿಲ್ಲ. ತಪ್ಪಿಗೆ ಬರೆಯೋಕೆ ನಮಗೆ ಕಾರ್ಡು ಕೊಟ್ಟಿದ್ದಾರೆ, ಮೆಚ್ಚಿಗೆಗೆ ಕೊಟ್ಟಿಲ್ಲ. ಅದನ್ನ ಬಾಯಲ್ಲಿ ಹೇಳೋಕೆ ಬಂದೆ."

ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾವು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಬಂತು. ಅವರು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಹೋಗಿ, ಕೊನೇ ಸುತ್ತಲ್ಲಿ ಯಾಕೆ ಬಿಡ್ತು ಸರ್ ಎಂದು ಕೇಳಿದಳು. ಅದನ್ನ ನಿಮ್ಮ ಮಿಸ್ಸೂ ನೀನೂ ಸೇರಿ ಕಂಡುಹಿಡೀರಿ ಎಂದು ಅವರು ನಕ್ಕರು. ಬಸ್ಸು ಹೊರಟಿತು.

ಕಂಡುಹಿಡಿಯಲು ಹೊಸ ಕಾಲದ ಸಾಮಾನು ಬೇಕಾಯಿತು. ನಾನು ಆಗಷ್ಟೇ ಕೊಂಡಿದ್ದ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯಬಹುದಿತ್ತು. ಅಲ್ಲಿಯವರೆಗೆ ನನ್ನ ವಿದ್ಯೆಯೆಲ್ಲ ಸೀಟಿ, ವಾಚು ಮತ್ತು ಕಣ್ಣು. ರಸ್ತೆಯ ಅಂಚಿನಲ್ಲಿ ಮಂಡಿಯೂರಿ ಕೂತು, ಮತ್ತೆ ಅಭ್ಯಾಸಕ್ಕಿಳಿದ ಅವಳು ದಾಟುವುದನ್ನು ತೆಗೆದೆ. ಶುರುವಿನಲ್ಲಿ ಎಲ್ಲ ಸರಿಯಾಗಿತ್ತು. ದಣಿದ ಮೇಲೆ ಎಡಭುಜ ಮೇಲೇರುತ್ತಿತ್ತು, ಅದರ ಜೊತೆಗೆ ಇಡೀ ಮೈ ಒಂದು ಕೂದಲೆಳೆಯಷ್ಟು ಎಗರುತ್ತಿತ್ತು. ಇಷ್ಟು ವರ್ಷ ಅವಳ ಕಾಲನ್ನೇ ನೋಡುತ್ತಿದ್ದ ನನಗೆ ಭುಜ ಕಂಡಿರಲಿಲ್ಲ. ಫ್ರಾನ್ಸಿಸ್ ಸರ್‌ಗೆ ತೋರಿಸಿದಾಗ, ಕಲಿಯೋಕೆ ಕ್ಯಾಮೆರಾ ಇಟ್ಟುಕೊಳ್ಳಿ, ಆದರೆ ಮೈದಾನದಲ್ಲಿ ತೀರ್ಪುಗಾರ ಬರಿಗಣ್ಣಲ್ಲೇ ನೋಡೋದು, ಅದನ್ನ ಮರೀಬೇಡಿ ಅಂದರು.

ಭುಜ ಇಳಿಸಬೇಕಾದರೆ ವೇಗ ಇಳಿಸಬೇಕಿತ್ತು. ಹೊಸಬರಿಗೆ ಹೇಳುವುದಾದರೆ, ಈ ಕೆಲಸದಲ್ಲಿ ಅತ್ಯಂತ ಕಷ್ಟದ ಕಾಲ ಇದೇ. ಮುಂದೆ ಓಡಿಸುವುದು ಸುಲಭ. ಮುಂದಿರುವವಳನ್ನು ಹಿಂದಕ್ಕೆ ಕರೆಯುವುದು, ಅವಳು ಹಿಂದೆ ಸೋಲಿಸಿದ್ದ ಹುಡುಗಿಯರಿಗೆಲ್ಲ ಒಂದಿಡೀ ವರ್ಷ ಸೋಲುವುದನ್ನು ಕಟಕಟೆ ಹಿಡಿದು ನೋಡುವುದು ಸುಲಭವಲ್ಲ. ಪ್ರತಿ ಸೋಲಿನ ನಂತರವೂ ಅವಳು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು, ಕಾರ್ಡು ಬಿತ್ತಾ ಮಿಸ್. ಇಲ್ಲ ಎಂದರೆ ನೀರು ಕುಡಿಯುತ್ತಿದ್ದಳು. ಹಾಸನದಲ್ಲಿ ನನ್ನ ಮೇಲಧಿಕಾರಿಯೊಬ್ಬರು, ಆ ಹುಡುಗಿ ಮುಗೀತಲ್ಲಮ್ಮ, ಬೇರೆಯವರನ್ನ ನೋಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ತಲೆಯಾಡಿಸಿ ಬಂದು ಮಾರನೆಯ ಬೆಳಿಗ್ಗೆ ಮತ್ತೆ ರಸ್ತೆಯಂಚಿನಲ್ಲಿ ಕೂತೆ.

ಆ ವರ್ಷ ಕಳೆದ ಮೇಲೆ ವೇಗ ತಾನಾಗಿ ವಾಪಸು ಬಂತು. ಕಿರಿಯರ ರಾಷ್ಟ್ರಮಟ್ಟದಲ್ಲಿ ಬೆಳ್ಳಿ ಪದಕ ಬಂತು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಅವಳನ್ನು ದೇಶದ ಶಿಬಿರಕ್ಕೆ ಕರೆದರು.

ಶಿಬಿರಕ್ಕೆ ಕರೆದರು ಎಂದರೆ ನನ್ನ ಕೈಯಿಂದ ಹೋದಳು ಎಂದೇ ಅರ್ಥ. ಇದನ್ನೂ ನೀವು ಮೊದಲೇ ತಿಳಿದುಕೊಂಡಿರಬೇಕು. ಶಾಲೆಯ ದೈಹಿಕ ಶಿಕ್ಷಕಿಯ ಪಾಲಿಗೆ ಮಗು ನಡೆಯಲು ಕಲಿಯುವ ಭಾಗ ಮಾತ್ರ. ಪತ್ರಿಕೆಯಲ್ಲಿ ಫೋಟೋ ಬಂದಾಗ ಪಕ್ಕದಲ್ಲಿ ನಿಂತಿರುವವರು ಬೇರೆ ಯಾರೋ ಆಗಿರುತ್ತಾರೆ, ಹಾಗೆ ಆಗುವುದೇ ಸರಿ. ಶಿಬಿರಕ್ಕೆ ಹೋದ ಹೊಸದರಲ್ಲಿ ಅವಳು ಫೋನ್ ಮಾಡಿ ಅಳುದನಿಯಲ್ಲಿ ಹೇಳಿದಳು, ಇಲ್ಲಿಯ ಕೋಚ್ ನೀವು ಹೇಳಿಕೊಟ್ಟಿದ್ದನ್ನೆಲ್ಲ ಮರ್ತುಬಿಡು ಅಂತಾರೆ ಮಿಸ್. ನಾನು ಮರ್ತುಬಿಡು ಅಂದೆ. ಅವರಿಗೆ ನನಗಿಂತ ಜಾಸ್ತಿ ಗೊತ್ತು, ಅವರು ಹೇಳಿದ ಹಾಗೆ ಕೇಳು ಎಂದು ಮತ್ತೆ ಹೇಳಿದೆ. ಫೋನಿಟ್ಟ ಮೇಲೆ ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದೂ ನನಗೆ ಗೊತ್ತಾಗಲಿಲ್ಲ.

ನನ್ನ ಸೇವೆಯ ಕೊನೆಯ ವರ್ಷ ಅವಳು ಏಷ್ಯಾ ಮಟ್ಟದ ಸ್ಪರ್ಧೆಗೆ ಹೊರದೇಶಕ್ಕೆ ಹೋದಳು. ಅಲ್ಲಿಯ ಬೆಳಗಿನ ಸ್ಪರ್ಧೆ ನಮ್ಮಲ್ಲಿ ಇನ್ನೂ ಸರಿಯಾಗಿ ಬೆಳಕಾಗುವ ಮುಂಚೆ. ಪುಟ್ಟಸ್ವಾಮಿಯ ಮನೆಯ ಹಜಾರದಲ್ಲಿ ಫೋನನ್ನು ಟೀವಿಗೆ ಜೋಡಿಸಿದ್ದರು. ಅರ್ಧ ಊರು ಅಲ್ಲಿತ್ತು. ಹಿಂದಿನ ಸಂಜೆಯೇ ನಾನು ಫ್ರಾನ್ಸಿಸ್ ಸರ್ ಅವರನ್ನು ಹಾಸನದಿಂದ ಕಾರಿನಲ್ಲಿ ಕರೆದುಕೊಂಡು ಬಂದಿದ್ದೆ. ಪುಟ್ಟಸ್ವಾಮಿ ಇದ್ದ ಒಂದೇ ಈಸಿಚೇರನ್ನು ಅವರಿಗೆ ಹಾಕಿಸಿ, ತಾನು ಅವರ ಕಾಲ ಬಳಿ ಚಾಪೆಯ ಮೇಲೆ ಕೂತಿದ್ದ.

ದೊಡ್ಡ ರಸ್ತೆಯೊಂದರಲ್ಲಿ ಹೋಗಿ ತಿರುಗಿ ಬರುವ ಇಪ್ಪತ್ತು ಕಿಲೋಮೀಟರ್. ಪಕ್ಕದಲ್ಲೊಂದು ಬೋರ್ಡು. ಯಾರಿಗೆ ಕೆಂಪು ಕಾರ್ಡು ಬಿದ್ದಿತೋ ಅವರ ಸಂಖ್ಯೆಯ ಮುಂದೆ ಕೆಂಪು ಚುಕ್ಕೆ ಬರುತ್ತದೆ. ಅರ್ಧ ಮುಗಿಯುವ ಹೊತ್ತಿಗೆ ಚಂದ್ರಕಲಾಳ ಸಂಖ್ಯೆಯ ಮುಂದೆ ಒಂದು ಚುಕ್ಕೆ ಬಂತು. ಆಮೇಲೆ ಇನ್ನೊಂದು. ಮೂರನೆಯದು ಬಿದ್ದರೆ ಅವಳ ಸ್ಪರ್ಧೆ ಮುಗಿದ ಹಾಗೆ.

ಕೊನೆಯ ಸುತ್ತು ಶುರುವಾದಾಗ ಅವಳು ನಾಲ್ಕನೆಯವಳು. ಮೂರನೆಯವಳು ಮುಂದೆ ಕಾಣುವಷ್ಟು ದೂರದಲ್ಲಿದ್ದಳು. ಅವಳನ್ನು ಹಿಡಿಯಲು ಹೋದರೆ ಕಾಲು ನೆಲ ಬಿಡುವ ಭಯ, ಹೋಗದಿದ್ದರೆ ಪದಕವಿಲ್ಲ. ಏನು ಮಾಡುತ್ತಾಳೋ ಎಂದು ನಾನು ಸೆರಗನ್ನು ಹಿಂಡುತ್ತ ಕೂತಿದ್ದೆ. ಚಂದ್ರಕಲಾ ತೋಳು ಬೀಸುವುದನ್ನು ಚುರುಕು ಮಾಡಿದಳು. ಹೊರಟಳು.

ಪುಟ್ಟಸ್ವಾಮಿಗೆ ಪರದೆ ನೋಡಲಾಗಲಿಲ್ಲ. ಅವನು ಫ್ರಾನ್ಸಿಸ್ ಸರ್ ಮುಖವನ್ನೇ ನೋಡುತ್ತಿದ್ದ.

"ಸಾ, ಕಾಲು?"

"ನೆಲದ ಮೇಲಿದೆ."

ಅಂತರ ಕಡಿಮೆಯಾಯಿತು. ಅವಳ ಮುಖ ದಣಿದು ಬಿಳಿಚಿಕೊಂಡಿತ್ತು. ಭುಜ ಇಳಿದೇ ಇತ್ತು. ಪುಟ್ಟಸ್ವಾಮಿ ಮತ್ತೆ ಕೇಳಿದ, ಫ್ರಾನ್ಸಿಸ್ ಸರ್ ಪರದೆಯಿಂದ ಕಣ್ಣು ಕೀಳದೆ ಮತ್ತೆ ಅದೇ ಉತ್ತರ ಕೊಟ್ಟರು. ಮುಂದಿನವಳು ಹಿಂತಿರುಗಿ ನೋಡಿದಳು. ಇನ್ನು ಕೈ ಚಾಚಿದರೆ ಸಿಗುವಷ್ಟು ದೂರ. ಅಷ್ಟರಲ್ಲಿ ಗೆರೆ ಬಂದುಬಿಟ್ಟಿತು. ಮುಂದಿನವಳು ಮೂರನೆಯವಳಾಗಿ ದಾಟಿದಳು, ನಮ್ಮವಳು ಅವಳ ಬೆನ್ನಿಗೆ ನಾಲ್ಕನೆಯವಳಾಗಿ. ಬೋರ್ಡಿನ ಮೇಲೆ ಚುಕ್ಕೆಗಳು ಎರಡೇ ಇದ್ದವು.

ಫ್ರಾನ್ಸಿಸ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಪದಕ ಬಂತಾ ಇಲ್ಲವಾ ಎಂದು ಹಿಂದಿನಿಂದ ಹೆಂಗಸರು ಕೇಳುತ್ತಿದ್ದರು. ಇಲ್ಲ ಎಂದು ಯಾರೋ ಹೇಳಿದರು. ಬಾಗಿಲ ಹತ್ತಿರ ನಿಂತಿದ್ದ ಪುಟ್ಟಸ್ವಾಮಿಯ ದಾಯಾದಿಯೊಬ್ಬ ಚಡಪಡಿಸಿದ.

"ಥೂ, ಕೊನೇಲಿ ಒಂದೆರಡೆಜ್ಜೆ ಓಡ್ಬುಟ್ಟಿದ್ರೆ ಸಿಕ್ಕೋಗ್ತಿತ್ತಲ್ಲ ಕಣಣ್ಣ."

ಪುಟ್ಟಸ್ವಾಮಿ ಚಾಪೆಯಿಂದ ಎದ್ದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನಿಗೆ ಸಿಟ್ಟಿರಲಿಲ್ಲ, ಮುಖದ ತುಂಬ ನಗು ಇತ್ತು.

"ಓಡಂಗಿದ್ರೆ ಇಷ್ಟೊರ್ಸ ಯಾಕ್ಲಾ ನಡೀತಿದ್ಲು ಅವಳು?" ಎಂದು ಹೇಳಿ, ಎಲ್ಲರಿಗೂ ಕಾಫಿ ಕಾಸಲು ಹೇಳಿ ಒಳಗೆ ಹೋದ.